ಇಗರ್ಜಿಯ ಮೇಸ್ತ್ರಿ: ಅಂತೋನಿಯೊ ಸೊಲೇರನ ವೃತ್ತಿಜೀವನ

ಕಾರವಾರ, ಅಂಕೋಲೆಯ ಕಡೆ ಮೇಸ್ತ್ರಿ ಎಂದರೆ ಗೋಡೆ ಕಟ್ಟಿಸುವವನು. ಪೋರ್ಚುಗೀಸರ ‘ಮೆಸ್ತ್ರೆ’ ಕನ್ನಡಕ್ಕೆ ಬಂದು ಹೀಗೆ ಗಾರೆ ಮೆತ್ತಿಕೊಂಡಿತು. ಕಾಳಿ ನದಿಯಾಚೆ, ಗೋವೆಯ ಇಗರ್ಜಿ ಶಾಲೆಗಳಲ್ಲಿ ಮಕ್ಕಳಿಗೆ ಸ್ವರ, ಪಿಟೀಲು ಕಲಿಸಿ ಪೂಜೆಯಲ್ಲಿ ಹಾಡಿಸುತ್ತಿದ್ದವನಿಗೂ ಅದೇ ಹೆಸರು. ಸ್ಪೇನಿನಲ್ಲಿ ಈ ಶಬ್ದದ ದಾಯಾದಿ ‘ಮಯೆಸ್ತ್ರೊ ದೆ ಕಪಿಯ’, ಅಂದರೆ ಇಗರ್ಜಿಯ ಸಂಗೀತದ ಮುಖ್ಯಸ್ಥ. ಹದಿನೆಂಟನೇ ಶತಮಾನದಲ್ಲಿ ಆ ಹುದ್ದೆ ಹಿಡಿದವರನ್ನು ಇಂದಿನ ಅರ್ಥದ ಕಲಾವಿದರೆನ್ನುವುದಕ್ಕಿಂತ ನಮ್ಮ ಅರ್ಥದ ಮೇಸ್ತ್ರಿಗಳೆಂದು ಓದುವುದು ಹೆಚ್ಚು ಸರಿ ಎಂಬುದು ನನ್ನ ವಾದ.

ಅಂಥ ಒಬ್ಬ ಮೇಸ್ತ್ರಿ ಅಂತೋನಿಯೊ ಸೊಲೇರ್. ಆತ ಹುಟ್ಟಿದ್ದು 1729ರಲ್ಲಿ, ಕತಲೂನ್ಯದ ಓಲೋತ್‌ನಲ್ಲಿ. ಆರರ ಪ್ರಾಯಕ್ಕೆ ಮೊನ್ಸೆರಾತ್ ಮಠದ ಗಾಯನಶಾಲೆ ಸೇರಿದ. 1752ರಲ್ಲಿ ಮ್ಯಾಡ್ರಿಡ್ ಬಳಿಯ ಎಸ್ಕೊರಿಯಲ್ ಮಠಕ್ಕೆ ಬಂದು ಸಂನ್ಯಾಸಿಯಾದ. 1757ರಲ್ಲಿ ಅಲ್ಲಿನ ಮಯೆಸ್ತ್ರೊ ದೆ ಕಪಿಯ ಆದ. 1783ರ ಡಿಸೆಂಬರ್ 20ರಂದು ಸಾಯುವವರೆಗೆ ಅಲ್ಲೇ ಇದ್ದ.

ಕೆಲಸಕ್ಕೆ ಕೊನೆಯಿರಲಿಲ್ಲ. ಹಬ್ಬಹಬ್ಬಕ್ಕೂ ಸಂಗೀತ ಬೇಕು. ಲ್ಯಾಟಿನ್ ಪ್ರಾರ್ಥನೆಯ ನಡುವೆ ಜನರ ನುಡಿಯಲ್ಲೇ ಹಾಡುವ ‘ಬಿಯಾನ್ಸಿಕೊ’ಗಳನ್ನೇ ಆತ ನೂರಿಪ್ಪತ್ತಕ್ಕೂ ಹೆಚ್ಚು ಬರೆದ. ಕ್ರಿಸ್ಮಸ್ಸಿಗೆ ಹಾಡಿದ ಮೇಲೆ ಹಾಳೆಗಳು ಮಠದ ಕಪಾಟು ಸೇರಿದರಾಯಿತು. ಮರುವರ್ಷಕ್ಕೆ ಹೊಸದೇ ಆಗಬೇಕು.

ಶಾಸ್ತ್ರದಲ್ಲೂ ಈ ಕಸುಬಿನ ಕಣ್ಣೇ ಕಾಣುತ್ತದೆ. 1762ರ ‘ಯಾವೆ ದೆ ಲಾ ಮೊದುಲಾಸಿಯೊನ್’ ಗ್ರಂಥ, ಒಂದು ಶ್ರುತಿಯಿಂದ ಇನ್ನೊಂದಕ್ಕೆ ಕಿವಿಗೆ ಒರಟಾಗದಂತೆ ದಾಟುವ ಬಗೆಯನ್ನು ಹೇಳುತ್ತದೆ. ಇದನ್ನು ‘ಗ್ರಹಭೇದ’ ಎಂದುಬಿಡಲು ಮನಸ್ಸಾಗುತ್ತದೆ, ಆದರೆ ಸಲ್ಲದು. ಗ್ರಹಭೇದದಲ್ಲಿ ಸ್ವರಗಳು ಹಾಗೇ ಉಳಿದು ಷಡ್ಜ ಮಾತ್ರ ಸರಿಯುತ್ತದೆ, ಬೇರೆ ರಾಗ ಹುಟ್ಟುತ್ತದೆ. ಇಲ್ಲಿ ಷಡ್ಜದ ಜೊತೆಗೆ ಇಡೀ ಮೇಳವೇ ಸರಿಯುತ್ತದೆ. ಪುಸ್ತಕದ ಮೇಲೆ ಜಗಳವಾಯಿತು, ಸೊಲೇರ್ ಉತ್ತರ ಅಚ್ಚು ಹಾಕಿಸಿದ. 1771ರಲ್ಲಿ ಕತಲೂನ್ಯ ಮತ್ತು ಕಾಸ್ತೀಲದ ನಾಣ್ಯಗಳ ವಿನಿಮಯ ಲೆಕ್ಕದ ಮೇಲೂ ಪುಸ್ತಕ ಬರೆದ. ಲೆಕ್ಕ ತಪ್ಪಿದ್ದನ್ನು ಕಂಡರೆ ಸುಮ್ಮನಿರುವ ಜಾಯಮಾನ ಆತನದಲ್ಲ.

ಹಾಗಿದ್ದೂ ಸೊಲೇರನ ಹೆಸರು ಇಂದು ನಿಂತಿರುವುದು ಕೀಲಿಮಣೆ ವಾದ್ಯದ ಸೊನಾಟಗಳ ಮೇಲೆ. ಸ್ಪೇನಿನ ರಾಜಕುಮಾರ ಗಾಬ್ರಿಯೆಲನಿಗೆ ವಾದ್ಯ ಕಲಿಸುತ್ತಿದ್ದವನು ಆತನೇ. 1772ರಲ್ಲಿ ಎಸ್ಕೊರಿಯಲ್‌ಗೆ ಬಂದ ಫಿಟ್ಸ್‌ವಿಲಿಯಂ ಎಂಬ ಇಂಗ್ಲಿಷ್ ಶ್ರೀಮಂತನಿಗೆ 27 ಸೊನಾಟಗಳ ಹಸ್ತಪ್ರತಿ ಕೊಟ್ಟ. ಅವು ಲಂಡನ್ನಿನಲ್ಲಿ ಅಚ್ಚಾದವು. ಹುದ್ದೆಯ ಕೆಲಸಕ್ಕಾಗಿ ಕಟ್ಟಿದ್ದೆಲ್ಲ ಮಠದ ಕಪಾಟಿನಲ್ಲಿತ್ತು.