ಕಡಲ ತಡಿಯಲ್ಲಿ ಮರದ ಮನೆ

ಬೆಂಗಳೂರಿನ ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ದುಡಿಯುವ ಕರಾವಳಿಯವರಲ್ಲಿ ಹಲವರಿಗೆ ಊರಿನಲ್ಲೊಂದು ಮರದ ಮನೆ ಕಟ್ಟಿಸುವ ಆಸೆ. ಯಾವ ಮರ ಒಳ್ಳೆಯದು ಎಂದು ಮೊದಲು ವಿಚಾರಿಸುತ್ತಾರೆ. ಅದಕ್ಕೂ ಮುಂಚೆ, ಮಳೆನೀರು ಎಲ್ಲಿ ನಿಲ್ಲುತ್ತದೆ ಎಂದು ವಿಚಾರಿಸಬೇಕು.

ಗುತ್ತಿನ ಮನೆ ಕಟ್ಟಿದ ಆಚಾರಿಗಳಿಗೆ ಇದು ಗೊತ್ತಿತ್ತು. ಹಲಸು, ಹೆಬ್ಬಲಸು, ಬೋಗಿ, ತೇಗ ಎಲ್ಲವೂ ಬಾಳುವ ಮರಗಳೇ. ಆದರೂ ಕಂಬವನ್ನು ಮಣ್ಣಿಗೆ ತಾಗಗೊಡದೆ ಕಲ್ಲಿನ ಪೀಠದ ಮೇಲೆ ನಿಲ್ಲಿಸುತ್ತಿದ್ದರು. ಮುರಕಲ್ಲಿನ ಜಗಲಿ ಎತ್ತರ, ಮಾಡು ತಗ್ಗು. ಆಟಿ ತಿಂಗಳ ಎರಚಲು ಗೋಡೆಯವರೆಗೆ ಬರುತ್ತಿರಲಿಲ್ಲ. ಉಪ್ಪುಗಾಳಿಗೆ ಕಬ್ಬಿಣದ ಮೊಳೆ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕೆಡಿಸುತ್ತದೆ. ಹಳೆಯ ಕೀಲು, ಮರದ ಬೆಣೆಗಳಿಗೆ ಆ ಭಯವಿಲ್ಲ. 1430ರ ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲೂ ಕೆಳಗೆ ಕಲ್ಲು, ಮೇಲಂತಸ್ತಿನಲ್ಲಿ ಮರ.

1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಮುಳಿಹುಲ್ಲಿನ ಜಾಗಕ್ಕೆ ಕ್ರಮೇಣ ಹೆಂಚು ಬಂತು. ಪಕ್ಕಾಸು, ರೀಪುಗಳ ಅಳತೆಯೂ ಹೆಂಚಿಗೆ ತಕ್ಕಂತೆ ಬದಲಾಯಿತು.

ಮುಂದಿನ ದೊಡ್ಡ ಹೆಜ್ಜೆ ರಸಾಯನದ್ದು. 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಬೆರೆತ ಮರದ ಸಂರಕ್ಷಕವನ್ನು ರೂಪಿಸಿದರು. ಅದು ಲೋಕವೆಲ್ಲ ಹರಡಿತು. ಆರ್ಸೆನಿಕ್‌ನ ಆತಂಕದಿಂದ ಅಮೆರಿಕದಲ್ಲಿ 2004ರಿಂದ ವಸತಿ ಬಳಕೆಯಿಂದ ಬಹುಮಟ್ಟಿಗೆ ಹಿಂದೆ ಸರಿಯಿತು. ವಾಸದ ಕೋಣೆಗೆ ಅದು ಬೇಡವೆಂಬುದೇ ನನ್ನ ಅಭಿಪ್ರಾಯ.

ನಮ್ಮಲ್ಲಿ ಮರಕ್ಕೆ ಹಿನ್ನಡೆಯಾದದ್ದು ಕಾಂಕ್ರೀಟಿನಿಂದ ಮಾತ್ರವಲ್ಲ. ಕೇಂದ್ರ ಲೋಕೋಪಯೋಗಿ ಇಲಾಖೆ 1993ರಲ್ಲಿ ತನ್ನ ಕಟ್ಟಡಗಳಲ್ಲಿ ಮರವನ್ನು ನಿಷೇಧಿಸಿತು. ನಿಷೇಧ ತೆರವಾದದ್ದು 2020ರಲ್ಲಿ. ಅಷ್ಟರಲ್ಲಿ ಮರದ ಕಟ್ಟಡ ಬಲ್ಲ ಎಂಜಿನಿಯರುಗಳ ಒಂದು ತಲೆಮಾರೇ ತಪ್ಪಿಹೋಯಿತು. ಇದು ನಿಜವಾದ ನಷ್ಟ. ಆ ಕಾಲದಲ್ಲೂ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಅಧ್ಯಯನ ಬಿಡಲಿಲ್ಲ. ತುಮಕೂರು ರಸ್ತೆಯ ಪ್ಲೈವುಡ್ ಸಂಶೋಧನಾ ಸಂಸ್ಥೆ ಬಿದಿರಿನ ಮನೆಗಳನ್ನೇ ಕಟ್ಟಿ ತೋರಿಸಿತು. ಯುರೋಪಿನಲ್ಲಿ ಹಲಗೆಗಳನ್ನು ಅಡ್ಡಡ್ಡ ಅಂಟಿಸಿ ಗೋಡೆಗಳನ್ನೇ ಮಾಡುವ ವಿಧಾನ ಬೆಳೆಯಿತು. ನಾರ್ವೆಯಲ್ಲಿ ಅಂಟಿಸಿದ ಮರದ ತೊಲೆಗಳಿಂದ 2019ರಲ್ಲಿ 85 ಮೀಟರ್ ಎತ್ತರದ ಕಟ್ಟಡ ಎದ್ದಿತು.

ಆ ತಂತ್ರವನ್ನು ಕುಂದಾಪುರಕ್ಕೆ ಹಾಗೆಯೇ ತಂದರೆ ಸಾಲದು. ಮರ ಗಾಳಿಯ ತೇವಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಭಾರತೀಯ ಮಾನಕ 287 ದೇಶವನ್ನು ತೇವಾಂಶದ ಪ್ರಕಾರ ನಾಲ್ಕು ವಲಯಗಳಾಗಿ ವಿಂಗಡಿಸಿರುವುದು ಇದಕ್ಕೇ. ಬೊಮ್ಮಸಂದ್ರದ ಒಣಹವೆಗೆ ಹದಗೊಳಿಸಿ ಸಂದಿಲ್ಲದಂತೆ ಕೂರಿಸಿದ ಬಾಗಿಲು ಜುಲೈ ತಿಂಗಳ ಕರಾವಳಿಯಲ್ಲಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ.

ಆದ್ದರಿಂದ ಬೆಂಗಳೂರಿನಲ್ಲಿ ಕೆಲಸ ಒಪ್ಪಿಸುವವರು ಮನೆ ಏಳುವ ಊರಿನ ತೇವಕ್ಕೆ ಮರವನ್ನು ಹದಗೊಳಿಸಲು ಹೇಳಿ. ಸ್ಕ್ರೂ, ಬೋಲ್ಟುಗಳು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವೇ ಇರಲಿ. ನಕ್ಷೆಯಲ್ಲಿ ಸೂರು ಚಾಚಿರದಿದ್ದರೆ, ಕಂಬದ ಬುಡ ನೆಲಕ್ಕೆ ತಾಗಿದ್ದರೆ, ಸಹಿ ಹಾಕಬೇಡಿ.