ಚಿಪ್ಪಿಗೆ ಚಿತ್ರಹಿಂಸೆ

1998ರಲ್ಲಿ ಇಂಟೆಲ್ ಕಂಪನಿಯ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರ್ ಬಂತು. ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ, 300ರ ಚಿಪ್ಪು ಎಷ್ಟೋ ಸಲ 450ರಲ್ಲಿ ಓಡುತ್ತಿತ್ತು. ಓಡುವುದೇನೋ ಸರಿ, ಲೆಕ್ಕ ತಪ್ಪುವುದಿಲ್ಲವೇ? ಪರದೆ ನೀಲಿಯಾಗಿ ನಿಂತರೆ ತಿಳಿಯುತ್ತದೆ. ಸದ್ದಿಲ್ಲದೆ ತಪ್ಪುವ ಚಿಪ್ಪನ್ನು ಹಿಡಿಯುವುದೇ ಕಷ್ಟ.

ಅದನ್ನು ಹಿಡಿಯುವ ಸಾಧನ ಒದಗಿದ್ದು ಗಣಿತದ ಹುಚ್ಚಿನಿಂದ ಎನ್ನುವುದು ನನಗೆ ಬಹಳ ಇಷ್ಟ. 1876ರಲ್ಲಿ ಫ್ರಾನ್ಸಿನ ಎದುವಾರ್ ಲೂಕಾ 39 ಅಂಕಿಗಳ ಸಂಖ್ಯೆಯೊಂದು ಅವಿಭಾಜ್ಯವೆಂದು ಕೈಲೆಕ್ಕದಲ್ಲೇ ತೋರಿಸಿದ. ವರ್ಗ ಮಾಡಿ, ಎರಡು ಕಳೆದು, ಭಾಗಿಸಿ, ಉಳಿದ ಶೇಷವನ್ನು ಮತ್ತೆ ವರ್ಗ ಮಾಡುತ್ತ ಹೋಗಬೇಕು. ನಡುವೆ ಒಂದಂಕಿ ತಪ್ಪಿದರೂ ಮುಂದಿನದೆಲ್ಲ ನೀರಿನಲ್ಲಿ ಮಾಡಿದ ಹೋಮ.

1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಇಂಥ ಸಂಖ್ಯೆಗಳನ್ನು ಹುಡುಕಲು ಜನರ ಮನೆಯ ಕಂಪ್ಯೂಟರುಗಳನ್ನೇ ಕೂಡಿಸಿದರು. ಅವರ ಪ್ರೈಮ್95 ತಂತ್ರಾಂಶದಲ್ಲಿ ‘ಟಾರ್ಚರ್ ಟೆಸ್ಟ್’ ಇದೆ. ಹೆಸರೇ ಹಾಗೆ! ದಶಮಾಂಶಗಳಲ್ಲಿ ನಡೆಯುವ ಗುಣಾಕಾರದ ಉತ್ತರ ಪೂರ್ಣಾಂಕದ ಪಕ್ಕಕ್ಕೇ ಬಂದು ನಿಲ್ಲಬೇಕು, 0.4ಕ್ಕಿಂತ ದೂರ ಸರಿದರೆ ಆ ಥ್ರೆಡ್ ಅಲ್ಲಿಗೇ ಕೈಬಿಡುತ್ತದೆ. ಪ್ರತಿ ಥ್ರೆಡ್‌ಗೂ ಬೇರೆ ಲೆಕ್ಕ, ಗಂಟೆಗಟ್ಟಲೆ. ವೇಗ ಏರಿಸಿದವರು ರಾತ್ರಿಯಿಡೀ ಇದನ್ನು ಓಡಿಸಿ, ಬೆಳಿಗ್ಗೆ ಎದ್ದು ನೋಡುತ್ತಿದ್ದರು.

2016ರ ಜನವರಿಯಲ್ಲಿ ಕತೆ ತಿರುಗಿತು. ಇಂಟೆಲ್‌ನ ಸ್ಕೈಲೇಕ್ ಪ್ರೊಸೆಸರುಗಳು, ವೇಗ ಏರಿಸದಿದ್ದರೂ, ಪ್ರೈಮ್95ರ ಒಂದು ಲೆಕ್ಕದಲ್ಲಿ ಸ್ತಬ್ಧವಾಗುತ್ತಿದ್ದವು. ಒಂದು ಕೋರ್‌ನಲ್ಲಿ ಎರಡು ಥ್ರೆಡ್ ನಡೆಸುವ ಹೈಪರ್‌ಥ್ರೆಡಿಂಗ್ ಆರಿಸಿದರೆ ಸರಿಯಾಗುತ್ತಿತ್ತು. ಕಂಪನಿ ದೋಷವನ್ನು ಒಪ್ಪಿಕೊಂಡು ಬಯಾಸ್ ಮೂಲಕ ತಿದ್ದುಪಡಿ ಕೊಟ್ಟಿತು. ಅಲ್ಲಿಯವರೆಗೆ ಎಷ್ಟು ಮಂದಿ ತಮ್ಮ ಓವರ್‌ಕ್ಲಾಕಿಂಗನ್ನೇ ಬೈದುಕೊಂಡಿದ್ದರೋ.