ಉದ್ರಿ ವಹಿಯಿಂದ ಮೊಬೈಲ್ ನಂಬರಿನವರೆಗೆ

ಧನಕವಡಿಯ ಕಿರಾಣಿ ಅಂಗಡಿಯ ಉದ್ರಿ ವಹಿಯನ್ನು ನಮ್ಮಲ್ಲಿ ಅನೇಕರು ಬಲ್ಲೆವು. ಮನೆಯ ಹಬ್ಬ, ಬಾಣಂತನ, ತಿಂಗಳ ಕೊನೆಯ ಮುಗ್ಗಟ್ಟು ಎಲ್ಲವೂ ಅದರಿಂದ ಅಂಗಡಿಕಾರರಿಗೆ ತಿಳಿಯುತ್ತಿತ್ತು. ಆದರೆ ಆ ವಹಿಯನ್ನು ನಾವೂ ನೋಡಬಹುದಿತ್ತು. ಬಾಕಿ ತೀರಿಸಿ ಗೆರೆ ಹೊಡೆಸಬಹುದಿತ್ತು.

ಇಂದು ದೊಡ್ಡ ಮಳಿಗೆಗಳಲ್ಲಿ ನಾವು ಹೇಳುವ ಮೊಬೈಲ್ ನಂಬರೇ ಖಾತೆ. ಗಣಕಯಂತ್ರದೊಳಗಿನ ಆ ವಹಿ ನಮ್ಮ ಕಣ್ಣಿಗೆ ಬೀಳದು. ಅಮೆರಿಕದ ಟಾರ್ಗೆಟ್ ಮಳಿಗೆಯವರು ಕೊಂಡ ಸಾಮಾನಿನ ಮೇಲಿಂದಲೇ ಗಿರಾಕಿ ಗರ್ಭಿಣಿಯೇ ಎಂದು ಲೆಕ್ಕ ಹಾಕುತ್ತಿದ್ದುದು 2012ರಲ್ಲಿ ಲೋಕಕ್ಕೆ ತಿಳಿಯಿತು.

ಅದೇ ವರ್ಷ ಕರ್ನಾಟಕ ಹೈಕೋರ್ಟಿನ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಕುರಿತು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ತೀರ್ಪಾಯಿತು. ನಂಬರಿಗಾಗಿ ಗಿರಾಕಿಯನ್ನು ಒತ್ತಾಯಿಸಕೂಡದೆಂದು 2023ರಲ್ಲಿ ಕೇಂದ್ರ ಸರಕಾರವೂ ಸೂಚಿಸಿತು. ಹೀಗಿರುವಾಗ, ಬಿಲ್ಲು ಮಾಡುವವರು ನಂಬರು ಕೇಳಿದರೆ "ನಕೋ" ಎನ್ನಲು ನಮಗೇಕೆ ಸಂಕೋಚ?